ಕಿವಿ ಇದ್ದಕ್ಕಿದ್ದಂತೆ ಕಟ್ಟಿಕೊಂಡಾಗ: ಎಣ್ಣೆ ಬಿಡುವ ಮೊದಲು ನೋಡಬೇಕಾದದ್ದು

ಮಳೆಗಾಲದ ಒಂದು ಬೆಳಿಗ್ಗೆ ಕೊಡಗಿನ ಸೋಮವಾರಪೇಟೆಯ ಕಡೆಯಿಂದ ನಮ್ಮ ಭಾವ ಫೋನ್ ಮಾಡಿ, ಎದ್ದಾಗಿನಿಂದ ಬಲಗಿವಿ ಕಟ್ಟಿಕೊಂಡಿದೆ, ಒಳಗೆ ಗುಂಯ್ ಎನ್ನುತ್ತಿದೆ, ಏನು ಮಾಡಲಿ ಎಂದು ಕೇಳಿದರು. ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ಆಗಲೇ ಇಪ್ಪತ್ತು ವರ್ಷ ಕಳೆದಿದ್ದ ನಾನು, ಕೈಯಲ್ಲಿದ್ದ ಕೆಲಸವನ್ನೂ ಬಿಡದೆ, “ಗುಗ್ಗೆ ಕಟ್ಟಿರಬೇಕು ಭಾವ, ನಾಲ್ಕು ದಿನ ಉಗುರುಬೆಚ್ಚಗಿನ ತೆಂಗಿನೆಣ್ಣೆ ಬಿಡಿ, ಸರಿಹೋಗುತ್ತದೆ” ಎಂದುಬಿಟ್ಟೆ. ನಾಲ್ಕು ದಿನ ವಾರವಾಯಿತು, ವಾರ ಎರಡು ತಿಂಗಳಾಯಿತು. ಕೊನೆಗೆ ಮೈಸೂರಿಗೆ ಹೋಗಿ ತೋರಿಸಿದಾಗ ಅವರ ಕಿವಿಯೊಳಗೆ ಗುಗ್ಗೆಯ ಒಂದು ಚೂರೂ ಇರಲಿಲ್ಲ. ಪೆಟ್ಟಾಗಿದ್ದುದು ಒಳಕಿವಿಗೆ, ಅದಕ್ಕೆ ಚಿಕಿತ್ಸೆ ಫಲ ಕೊಡುವ ಕಾಲ ಮೀರಿಹೋಗಿತ್ತು. ಆ ಕಿವಿ ಇಂದಿಗೂ ಕೇಳುವುದಿಲ್ಲ. ಅಂದು ಎರಡು ಪ್ರಶ್ನೆ ಕೇಳಿ, ಫೋನಿನಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿಸಿದ್ದರೆ ನಾನು ಅವರಿಗೆ ಎಣ್ಣೆಯ ಮಾತು ಹೇಳುತ್ತಿರಲಿಲ್ಲ.

ಈ ಬರಹ ಆ ಎರಡು ಪ್ರಶ್ನೆ ಮತ್ತು ಆ ಪರೀಕ್ಷೆಯ ಕುರಿತದ್ದು. ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದು ಅವುಗಳ ಉತ್ತರದ ಮೇಲೆಯೇ ನಿಂತಿದೆ. ಕಿವಿ ಕಟ್ಟಿಕೊಂಡಿತು ಎಂದರೆ ನಮ್ಮ ಕಡೆ ಕೈ ಮೊದಲು ಹೋಗುವುದು ಎಣ್ಣೆ ಬಾಟಲಿಗೆ. ಆದರೆ ಕಟ್ಟಿಕೊಳ್ಳುವ ಕಾರಣಗಳು ಆರೇಳು ಇದ್ದು, ಅವುಗಳಲ್ಲಿ ಎಣ್ಣೆ ನಿಜವಾಗಿ ಕೆಲಸಕ್ಕೆ ಬರುವುದು ಗುಗ್ಗೆಗೆ ಮತ್ತು ಒಳಹೊಕ್ಕ ಹುಳುವಿಗೆ ಮಾತ್ರ. ಉಳಿದವುಗಳಲ್ಲಿ ಅದು ನಿರುಪಯೋಗಿ, ಕೆಲವದರಲ್ಲಿ ಕೆಡುಕು.

ಕಿವಿಯ ರಚನೆಯನ್ನು ಸ್ವಲ್ಪ ನೆನಪಿಗೆ ತಂದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಹೊರಗೆ ಕಾಣುವ ರಂಧ್ರದಿಂದ ಒಳಕ್ಕೆ ಸುಮಾರು 2.5 ಸೆಂಟಿಮೀಟರ್ ಉದ್ದದ, ತುಸು ಬಾಗಿದ ನಾಳವಿದೆ. ಅದರ ತುದಿಗೆ ಚರ್ಮದಂಥ ತೆಳುವಾದ ತಮಟೆ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಾದ ಮಧ್ಯಕಿವಿ, ಅದರಾಚೆ ಶಬ್ದವನ್ನು ನರದ ಸಂಕೇತವಾಗಿ ಮಾರ್ಪಡಿಸುವ ಒಳಕಿವಿ. ಮಧ್ಯಕಿವಿಗೆ ಗಾಳಿ ಒದಗುವುದು ಮೂಗಿನ ಹಿಂಭಾಗದಿಂದ ಬರುವ ಯುಸ್ಟೇಷಿಯನ್ ನಾಳದ ಮೂಲಕ. ಈ ನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇದ್ದು, ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಕ್ಷಣಕಾಲ ತೆರೆದುಕೊಳ್ಳುತ್ತದೆ. ಹೊರನಾಳ, ಮಧ್ಯಕಿವಿ, ಒಳಕಿವಿ ಈ ಮೂರರಲ್ಲಿ ಎಲ್ಲಿ ತೊಂದರೆಯಾದರೂ ರೋಗಿಗೆ ಅನಿಸುವುದು ಒಂದೇ: ಹತ್ತಿ ತುರುಕಿದಂತಿದೆ, ಕಿವಿ ಮುಚ್ಚಿದೆ. ಹಾಗಾಗಿ ಬರಿಯ ಅನಿಸಿಕೆಯನ್ನು ನಂಬಿ ಮದ್ದು ಮಾಡಲಾಗದು.

ಮೊದಲ ಎರಡು ಪ್ರಶ್ನೆಗಳು

ಯಾವಾಗ ಕಟ್ಟಿಕೊಂಡಿತು, ಆಗ ಏನು ನಡೆಯುತ್ತಿತ್ತು ಎಂಬುದು ಮೊದಲನೆಯದು. ತಲೆಗೆ ಸ್ನಾನ ಮಾಡಿ ಹೊರಬಂದ ಕೂಡಲೇ ಕಟ್ಟಿಕೊಂಡಿದ್ದರೆ ಗುಗ್ಗೆಯ ಮೇಲೆ ಅನುಮಾನ ಸರಿಯಾದದ್ದು. ಘಾಟಿ ಇಳಿಯುವಾಗ, ವಿಮಾನದಲ್ಲಿ ಅಥವಾ ನೆಗಡಿಯ ನಡುವೆ ಆಗಿದ್ದರೆ ಯುಸ್ಟೇಷಿಯನ್ ನಾಳ. ನಾಲ್ಕು ದಿನದಿಂದ ತುರಿಕೆ, ಆಮೇಲೆ ಕಟ್ಟಿಕೊಂಡಿದ್ದರೆ ಹೊರನಾಳದ ಸೋಂಕು. ಗುಂಡಿನ ಸದ್ದು, ಪಟಾಕಿ ಅಥವಾ ಭಾರೀ ಧ್ವನಿವರ್ಧಕದ ನಂತರ ಆಗಿದ್ದರೆ ಶಬ್ದದ ಪೆಟ್ಟು. ಇವು ಯಾವುದೂ ಇಲ್ಲದೆ, ರಾತ್ರಿ ಚೆನ್ನಾಗಿದ್ದ ಒಂದು ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ ಮಂಕಾಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಜೊತೆಗೆ ಇನ್ನೇನಿದೆ ಎಂಬುದು ಎರಡನೆಯದು. ನೋವು, ಜ್ವರ, ಕೀವು ಅಥವಾ ರಕ್ತ ಸೋರುವುದು, ತಲೆ ತಿರುಗು, ದೊಡ್ಡ ಸದ್ದಿನ ಕಾರಣವಿಲ್ಲದೆ ಹೊಸದಾಗಿ ಶುರುವಾದ ಗುಂಯ್‌ಗುಡುವಿಕೆ, ಮುಖದ ಒಂದು ಪಕ್ಕ ಸೊಟ್ಟಗಾಗಿರುವುದು, ಕಿವಿಯ ಸುತ್ತ ನೀರುಗುಳ್ಳೆ ಎದ್ದಿರುವುದು. ಇವುಗಳಲ್ಲಿ ಒಂದಾದರೂ ಇದ್ದರೆ ಕಿವಿಯೊಳಗೆ ಏನನ್ನೂ ಹಾಕದೆ ಅಂದೇ ವೈದ್ಯರಿಗೆ ತೋರಿಸಬೇಕು. ಹಿಂದೆ ಎಂದಾದರೂ ಕಿವಿ ಸೋರಿದ್ದು, ತಮಟೆ ತೂತಾಗಿದ್ದು ಅಥವಾ ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದು ನೆನಪಿದ್ದರೂ ಇದೇ ಮಾತು ಅನ್ವಯಿಸುತ್ತದೆ.

ಗುನುಗಿ ನೋಡುವ ಪರೀಕ್ಷೆ

ಒಂದೇ ಕಿವಿ ಕಟ್ಟಿಕೊಂಡಿದ್ದಾಗ ಮಾಡಬಹುದಾದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮೊದಲು ಆರೋಗ್ಯವಾಗಿರುವವರು ತಮ್ಮ ಮೇಲೇ ಮಾಡಿ ನೋಡಿದರೆ ಅರ್ಥ ಬೇಗ ಹತ್ತುತ್ತದೆ. ಬಾಯಿ ಮುಚ್ಚಿ, ಭ್ರಾಮರಿ ಪ್ರಾಣಾಯಾಮದಲ್ಲಿ ಮಾಡುವಂತೆ, ತಗ್ಗಿದ ದನಿಯಲ್ಲಿ “ಮ್‌ಮ್‌ಮ್” ಎಂದು ಗುನುಗುತ್ತಾ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ. ದನಿ ಥಟ್ಟನೆ ಆ ಮುಚ್ಚಿದ ಕಿವಿಯ ಕಡೆಗೇ ವಾಲಿ, ಅಲ್ಲಿಯೇ ದೊಡ್ಡದಾಗಿ ಕೇಳುತ್ತದೆ. ಗುಗ್ಗೆಯಿಂದಾಗಲಿ, ಮಧ್ಯಕಿವಿಯಲ್ಲಿ ನಿಂತ ದ್ರವದಿಂದಾಗಲಿ ಕಿವಿ ಮುಚ್ಚಿಕೊಂಡಿದ್ದರೂ ಆಗುವುದು ಇದೇ.

ಈಗ ಕಿವಿ ಕಟ್ಟಿಕೊಂಡವರು ಬೆರಳಿಡದೆ ಹಾಗೆಯೇ ಗುನುಗಲಿ. ದನಿ ಕಟ್ಟಿದ ಕಿವಿಯ ಕಡೆ ಹೆಚ್ಚಾಗಿ ಕೇಳಿದರೆ ಅಡ್ಡಿ ಇರುವುದು ಹೊರನಾಳದಲ್ಲಿ ಅಥವಾ ಮಧ್ಯಕಿವಿಯಲ್ಲಿ ಎಂದು ಸಾಮಾನ್ಯವಾಗಿ ತಿಳಿಯಬಹುದು. ದನಿ ಚೆನ್ನಾಗಿರುವ ಕಿವಿಯ ಕಡೆಗೆ ಹೋಗಿ, ಕಟ್ಟಿದ ಕಿವಿಯಲ್ಲಿ ಮಂದವಾಗಿ ಕೇಳಿದರೆ ಒಳಕಿವಿ ಅಥವಾ ನರ ಸೋತಿರುವ ಸಾಧ್ಯತೆ ಹೆಚ್ಚು. ವೈದ್ಯರು ಶ್ರುತಿಕವೆ ಎಂಬ, ಮಿಡಿದರೆ ನಾದ ಹೊರಡಿಸುವ ಲೋಹದ ಕವಲುಕಡ್ಡಿಯನ್ನು ಮಿಡಿದು ಹಣೆಯ ನಡುವೆ ಇಟ್ಟು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಅದು ಇದಕ್ಕಿಂತ ನಿಖರವಾದದ್ದು. ಆದ್ದರಿಂದ ಮನೆಯ ಪರೀಕ್ಷೆ ಧೈರ್ಯ ಹೇಳಿದರೂ ಕಿವಿ ಸರಿಹೋಗದಿದ್ದರೆ ಕಾಯಬಾರದು. ಎಚ್ಚರಿಕೆ ಹೇಳಿದರಂತೂ ಅಂದೇ ಹೊರಡಬೇಕು.

ಎರಡೂ ಕಿವಿಗಳ ಪಕ್ಕ ಸರದಿಯಂತೆ ಹೆಬ್ಬೆರಳು, ತೋರುಬೆರಳನ್ನು ಉಜ್ಜಿ ಆ ಸಣ್ಣ ಸರಪರ ಸದ್ದನ್ನು ಹೋಲಿಸಿ ನೋಡುವುದೂ ಒಳ್ಳೆಯದು. ಭಾರವೆನಿಸಿದರೂ ಸದ್ದು ಎರಡರಲ್ಲೂ ಸರಿಸಮ ಕೇಳುತ್ತಿದ್ದರೆ ಆತಂಕ ಕಡಿಮೆ.

ಕಾಯಬಾರದ ಕಿವಿ

ನಮ್ಮ ಭಾವನಿಗೆ ಆದದ್ದನ್ನು ವೈದ್ಯರು ಹಠಾತ್ ಶ್ರವಣನಷ್ಟ ಎನ್ನುತ್ತಾರೆ. ಮೂರು ದಿನಗಳೊಳಗೆ, ಬಹುಪಾಲು ಒಂದೇ ಕಿವಿಯಲ್ಲಿ, 30 ಡೆಸಿಬೆಲ್ (ಸದ್ದಿನ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಕೇಳುವಿಕೆ ಕುಸಿಯುವುದು ಅದರ ಲಕ್ಷಣ. ಹೆಚ್ಚಿನವರಲ್ಲಿ ನಿಶ್ಚಿತ ಕಾರಣ ಸಿಗುವುದಿಲ್ಲ. ನೋವಿರುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ. “ಕಿವಿ ಕಟ್ಟಿದೆ” ಎಂಬುದಷ್ಟೇ ದೂರು. ಅದಕ್ಕೇ ಜನ ಮೋಸಹೋಗುವುದು, ನನ್ನಂತೆ ಈ ಕೆಲಸದಲ್ಲೇ ಇದ್ದವರೂ ಮೋಸಹೋಗುವುದು.

ಕೆಲವರಿಗೆ ಕೇಳುವಿಕೆ ತಾನಾಗಿಯೇ ಮರಳುವುದುಂಟು, ಆದರೆ ಯಾರಿಗೆ ಮರಳುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಸ್ಟಿರಾಯ್ಡ್ ಮಾತ್ರೆಗಳನ್ನು ಕೊಡುವುದು ಅಥವಾ ಅದೇ ಔಷಧವನ್ನು ಸೂಜಿಯಿಂದ ತಮಟೆಯ ಮೂಲಕ ಮಧ್ಯಕಿವಿಗೆ ಬಿಡುವುದು ರೂಢಿಯಲ್ಲಿರುವ ಚಿಕಿತ್ಸೆ. ಅದು ಮೊದಲ ಕೆಲವು ದಿನಗಳಲ್ಲೇ, ತಡವೆಂದರೂ ಎರಡು ವಾರದೊಳಗೆ ಶುರುವಾಗಬೇಕು. ಆರು ವಾರ ಕಳೆದ ಮೇಲೆ ಔಷಧದಿಂದ ಹೆಚ್ಚೇನೂ ನಿರೀಕ್ಷಿಸಲಾಗದು. ಈ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು ನುಂಗಲೇಬಾರದು, ಏಕೆಂದರೆ ರಕ್ತದ ಸಕ್ಕರೆ ಬಹಳ ಏರುತ್ತದೆ. ಮಳೆ ಜೋರಾಗಿದೆ, ರಸ್ತೆಗೆ ಮರ ಬಿದ್ದಿದೆ, ಕಾಫಿ ಕೊಯ್ಲಿಗೆ ಆಳು ಬಂದಿದ್ದಾರೆ ಎಂಬ ನಮ್ಮ ಎಂದಿನ ಕಾರಣಗಳನ್ನು ಈ ಒಂದು ವಿಷಯದಲ್ಲಿ ಬದಿಗಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಗುಗ್ಗೆಯಾದರೆ

ಗುಗ್ಗೆ ಕೊಳೆಯಲ್ಲ. ನಾಳದ ಹೊರಭಾಗದ ಚರ್ಮದಲ್ಲಿ ಹುಟ್ಟುವ ಈ ಅಂಟು, ದೂಳನ್ನು ಹಿಡಿದು, ಚರ್ಮವನ್ನು ತೇವದಿಂದ ಮತ್ತು ಸೂಕ್ಷ್ಮಜೀವಿಗಳಿಂದ ಕಾಯುತ್ತದೆ. ನಾಳದ ಚರ್ಮ ತಮಟೆಯ ಕಡೆಯಿಂದ ಹೊರಕ್ಕೆ ಮೆಲ್ಲಗೆ ಸರಿಯುತ್ತಲೇ ಇರುವುದರಿಂದ, ಅಗಿಯುವಾಗ ದವಡೆಯ ಅಲುಗಾಟವೂ ಸೇರಿ, ಹಳೆಯ ಗುಗ್ಗೆ ಒಣಗಿ ತಾನೇ ಉದುರಿಹೋಗುತ್ತದೆ. ನಾವು ಹತ್ತಿಕಡ್ಡಿ, ಹೇರ್‌ಪಿನ್, ಬೆಂಕಿಕಡ್ಡಿ ಹಾಕಿದಾಗ ತುದಿಗೆ ಸ್ವಲ್ಪ ಅಂಟಿಕೊಂಡು ಬರುತ್ತದೆ, ಉಳಿದದ್ದು ಒಳಕ್ಕೆ ಗಟ್ಟಿಯಾಗಿ ಜಡಿದುಕೊಳ್ಳುತ್ತದೆ. ದಿನವಿಡೀ ಇಯರ್‌ಫೋನ್ ಹಾಕಿಕೊಳ್ಳುವವರಲ್ಲಿ, ಶ್ರವಣಸಾಧನ ಬಳಸುವ ಹಿರಿಯರಲ್ಲಿ ಕೂಡ ಗುಗ್ಗೆಯ ಹೊರದಾರಿ ಮುಚ್ಚಿಹೋಗುತ್ತದೆ.

ಹಾಗಾದರೆ ತಿಂಗಳುಗಟ್ಟಲೆ ಕೂಡಿದ ಗುಗ್ಗೆ ಇದ್ದಕ್ಕಿದ್ದಂತೆ ಕಿವಿ ಮುಚ್ಚುವುದು ಏಕೆ? ಮಳೆಗಾಲದಲ್ಲಿ ನಮ್ಮ ಮನೆಗಳ ಮರದ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆಯೇ. ಕೂದಲೆಳೆಯಷ್ಟು ಸಂದು ಇರುವವರೆಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಸ್ನಾನದ ನೀರು ತಾಗಿ ಗುಗ್ಗೆ ಉಬ್ಬಿದ ಕ್ಷಣ ಆ ಸಂದೂ ಮುಚ್ಚುತ್ತದೆ.

ನೋವು, ಸೋರುವಿಕೆ, ತಮಟೆಯ ಹಳೆಯ ತೊಂದರೆ ಯಾವುದೂ ಇಲ್ಲದವರು ಮನೆಯಲ್ಲಿ ಎಣ್ಣೆ ಬಿಡಬಹುದು. ತೆಂಗಿನೆಣ್ಣೆ ಅಥವಾ ಆಲಿವ್ ಎಣ್ಣೆ ಸಾಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಮಡಿಕೇರಿಯ ಕಡೆ ತೆಂಗಿನೆಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅದನ್ನು ಕರಗಿಸಲು ಸೌಟಿನಲ್ಲಿ ಹಾಕಿ ಒಲೆಯ ಮೇಲೆ ಹಿಡಿಯುವ ಅಭ್ಯಾಸವನ್ನು ಬಿಡಬೇಕು. ಕೈಗೆ ಹಿತವೆನಿಸುವ ಬಿಸಿನೀರಿನ ಲೋಟದಲ್ಲಿ ಬಾಟಲಿಯನ್ನು ಐದು ನಿಮಿಷ ನಿಲ್ಲಿಸಿ, ಒಂದು ಹನಿಯನ್ನು ಮುಂಗೈಯ ಒಳಭಾಗಕ್ಕೆ ಬಿಟ್ಟು ನೋಡಿ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎಂಬಂತಿದ್ದರೆ ಸರಿ. ಕಟ್ಟಿದ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಬೇಕು. ದೊಡ್ಡವರಾದರೆ ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿದರೆ ಬಾಗಿದ ನಾಳ ನೇರವಾಗುತ್ತದೆ. ಎರಡು ಮೂರು ಹನಿಗಳನ್ನು ನಾಳದ ಗೋಡೆಗೆ ತಾಗಿ ಜಾರುವಂತೆ ಬಿಡಿ. ನಟ್ಟನಡುವೆ ಬಿಟ್ಟರೆ ಗಾಳಿ ಸಿಕ್ಕಿಕೊಂಡು ಹನಿ ಮೇಲೆಯೇ ನಿಲ್ಲುತ್ತದೆ. ಕಿವಿಯ ಮುಂದಿರುವ ಪುಟ್ಟ ಉಬ್ಬನ್ನು ಬೆರಳಿನಿಂದ ನಾಲ್ಕೈದು ಬಾರಿ ಮೃದುವಾಗಿ ಒತ್ತಿದರೆ ಎಣ್ಣೆ ಒಳಗೆ ಇಳಿಯುವ ಸದ್ದು ರೋಗಿಗೇ ಕೇಳುತ್ತದೆ. ಐದರಿಂದ ಹತ್ತು ನಿಮಿಷ ಹಾಗೆಯೇ ಮಲಗಿದ್ದು, ಎದ್ದು, ಹೊರಬಂದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಕೊಳ್ಳಿ. ಹತ್ತಿಯನ್ನು ಒಳಗೆ ತುರುಕಬೇಡಿ, ಅದು ಎಣ್ಣೆಯನ್ನು ಹೀರಿಬಿಡುತ್ತದೆ.

ದಿನಕ್ಕೆ ಎರಡು ಸಲದಂತೆ ಮೂರರಿಂದ ಐದು ದಿನ ಇದನ್ನು ಮಾಡಿದರೆ ಸಾಕು. ಮೊದಲ ಒಂದೆರಡು ದಿನ ಕಿವಿ ಇನ್ನಷ್ಟು ಕಟ್ಟಿದಂತಾಗಬಹುದು; ಗುಗ್ಗೆ ಮೆತ್ತಗಾಗಿ ಉಬ್ಬುವುದರಿಂದ ಹಾಗಾಗುತ್ತದೆ. ಕೆಲವರಿಗೆ ಮೂರನೆಯ, ನಾಲ್ಕನೆಯ ದಿನ ದಿಂಬಿನ ಮೇಲೆ ಕಂದು ಬಣ್ಣದ ಮೆತ್ತನೆಯ ಚೂರುಗಳು ಕಾಣಿಸಿ, ಕಿವಿ ಬಿಟ್ಟುಕೊಳ್ಳುತ್ತದೆ. ನಡುವೆ ನೋವಾಗಲಿ, ಉರಿಯಾಗಲಿ ಬಂದರೆ ನಿಲ್ಲಿಸಬೇಕು. ಔಷಧದಂಗಡಿಯಲ್ಲಿ ಸಿಗುವ ಗುಗ್ಗೆ ಕರಗಿಸುವ ಹನಿಗಳೂ ಆಗಬಹುದು, ಆದರೆ ಕೆಲವು ಚರ್ಮಕ್ಕೆ ಉರಿ ತರುತ್ತವೆ.

ರಬ್ಬರ್ ಬುರುಡೆಯಿಂದ ನೀರು ಹಾಯಿಸುವ ವಿಚಾರ ಹಲವರು ಕೇಳುತ್ತಾರೆ. ಮನೆಯಲ್ಲಿ ಬೇಡವೆಂಬುದೇ ನನ್ನ ಅಭಿಪ್ರಾಯ. ತಮಟೆ ಗಟ್ಟಿಯಾಗಿದೆಯೇ ಎಂದು ಒಳಗೆ ನೋಡದೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಹಾಗೆ ಉಳಿದ ನೀರಿನಿಂದ ತೀವ್ರ ಸೋಂಕಾಗುವ ಅಪಾಯವಿದೆ. ನೀರಿನ ಬಿಸಿ ದೇಹದ ಬಿಸಿಗೆ, ಅಂದರೆ 37 ಡಿಗ್ರಿಗೆ, ಸರಿಹೊಂದದಿದ್ದರೆ ತಲೆ ಗಿರ್ರನೆ ತಿರುಗುತ್ತದೆ. ಈ ತಲೆ ತಿರುಗು ವೈದ್ಯಕೀಯಕ್ಕೆ ದೊಡ್ಡ ಉಪಕಾರವನ್ನೂ ಮಾಡಿದೆ. ಕಿವಿಗೆ ಹಾಯಿಸಿದ ನೀರು ತಣ್ಣಗಿದ್ದರೆ ಒಂದು ಬಗೆ, ಬಿಸಿಯಾಗಿದ್ದರೆ ಇನ್ನೊಂದು ಬಗೆ ರೋಗಿಗಳ ಕಣ್ಣುಗುಡ್ಡೆ ಅದುರುವುದನ್ನು ಗಮನಿಸಿದ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ಒಳಕಿವಿಯ ಸಮತೋಲನದ ಕುರಿತು ಮಾಡಿದ ಕೆಲಸಕ್ಕೆ 1914ರ ನೊಬೆಲ್ ಬಹುಮಾನ ಪಡೆದರು. ಐದು ದಿನದ ಎಣ್ಣೆಗೆ ಗುಗ್ಗೆ ಬಗ್ಗದಿದ್ದರೆ ಮೆತ್ತಗಾದ ಅದನ್ನು ವೈದ್ಯರು ಕೆಲವೇ ನಿಮಿಷಗಳಲ್ಲಿ ತೆಗೆಯುತ್ತಾರೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಕಡ್ಡಿ ಹಿಡಿದು ಕಿವಿ ಶುಚಿ ಮಾಡುವವರ ಮುಂದೆ ಕೂರಬೇಡಿ.

ಘಾಟಿ ಇಳಿಯುವಾಗ

ಮಡಿಕೇರಿಯಿಂದ ಮಂಗಳೂರಿಗೆ ಹೋಗುವವರೆಲ್ಲ ಬಲ್ಲ ಅನುಭವವಿದು. ಸಂಪಾಜೆ ಘಾಟಿಯಲ್ಲಿ ಬಸ್ಸು ತಿರುವು ತಿರುವಾಗಿ ಇಳಿಯುತ್ತಿದ್ದಂತೆ ಜೋಡುಪಾಲದ ಹೊತ್ತಿಗೆ ಪಕ್ಕದವರ ಮಾತು ದೂರದಿಂದ ಬಂದಂತೆ ಕೇಳಿಸತೊಡಗುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ, ಘಾಟಿಯ ಕೆಳಗಿನ ಸುಳ್ಯ 100 ಮೀಟರಿನ ಆಸುಪಾಸಿನಲ್ಲಿದೆ. 50 ಕಿಲೋಮೀಟರಿನಷ್ಟು ದಾರಿಯಲ್ಲಿ ಹೊರಗಿನ ಗಾಳಿಯ ಒತ್ತಡ ಹತ್ತನೇ ಒಂದು ಭಾಗಕ್ಕಿಂತಲೂ ಹೆಚ್ಚು ಏರುತ್ತದೆ. ಮಧ್ಯಕಿವಿಯೊಳಗೆ ಉಳಿದಿರುವುದು ಬೆಟ್ಟದ ಮೇಲಿನ ತೆಳುಗಾಳಿ. ಹೊರಗಿನ ಒತ್ತಡ ತಮಟೆಯನ್ನು ಒಳಕ್ಕೆ ತಳ್ಳುತ್ತದೆ, ಕಿವಿ ಕಟ್ಟುತ್ತದೆ. ಹತ್ತುವಾಗ ಇಷ್ಟು ಕಷ್ಟವಾಗದಿರಲು ಕಾರಣವಿದೆ: ಒಳಗಿನ ಹೆಚ್ಚಿನ ಒತ್ತಡ ಯುಸ್ಟೇಷಿಯನ್ ನಾಳವನ್ನು ತಾನೇ ತಳ್ಳಿ ಹೊರಬರುತ್ತದೆ, ಇಳಿಯುವಾಗ ಮಾತ್ರ ನಾವೇ ಅದನ್ನು ತೆರೆಯಬೇಕು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟದ ದಾರಿಯಲ್ಲಿ ಕೇರಳಕ್ಕೆ ಇಳಿಯುವವರಿಗೂ ಇದೇ ಅನುಭವ.

ಇಲ್ಲಿ ಎಣ್ಣೆಗೆ ಕೆಲಸವೇ ಇಲ್ಲ. ಕಿವಿ ಪೂರ್ತಿ ಕಟ್ಟುವ ಮೊದಲೇ, ಘಾಟಿಯ ಆರಂಭದಿಂದಲೇ, ಆಗಾಗ ಉಗುಳು ನುಂಗುವುದು, ಪೆಪ್ಪರಮಿಂಟ್ ಚೀಪುವುದು, ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು ಒಳ್ಳೆಯದು. ಮೂಗನ್ನು ಹಿಡಿದುಕೊಂಡು ಒಂದು ಗುಟುಕು ನೀರು ನುಂಗಿದರೆ ಹಲವರಿಗೆ ಥಟ್ಟನೆ ಬಿಟ್ಟುಕೊಳ್ಳುತ್ತದೆ. ಅದೂ ಆಗದಿದ್ದರೆ ಬಾಯಿ ಮುಚ್ಚಿ, ಮೂಗಿನ ಹೊಳ್ಳೆಗಳನ್ನು ಹಿಡಿದು, ಬಲೂನನ್ನು ಮೆತ್ತಗೆ ಊದುವಂತೆ ಉಸಿರನ್ನು ಮೂಗಿಗೆ ಒತ್ತಬೇಕು. ಬಲವಂತವಾಗಿ ಊದಿದರೆ ತಮಟೆಗೂ ಒಳಕಿವಿಗೂ ಪೆಟ್ಟಾಗಬಹುದು. ಮೂಗಿನಲ್ಲಿ ಹಳದಿ ಸಿಂಬಳವಿದ್ದಾಗ ಊದಿದರೆ ಸೋಂಕು ಕಿವಿಗೇ ಏರಬಹುದು. ಇಳಿಯುವ ಹೊತ್ತಿನಲ್ಲಿ ನಿದ್ದೆ ಮಾಡದಿರುವುದು ಲೇಸು, ಏಕೆಂದರೆ ನಿದ್ದೆಯಲ್ಲಿ ನುಂಗುವುದು ಕಡಿಮೆ. ಎಳೆಮಕ್ಕಳಿಗೆ ಆಗ ಹಾಲೂಡಿಸಿದರೆ ಅಳುವುದಿಲ್ಲ. ಸ್ವಂತ ವಾಹನವಾದರೆ ನಡುವೆ ಹತ್ತು ನಿಮಿಷ ನಿಲ್ಲಿಸಿ. ಕೆಳಗೆ ತಲುಪಿದ ಮೇಲೆ ಕೆಲವು ಗಂಟೆಗಳಲ್ಲಿ ಕಿವಿ ಸರಿಯಾಗದೆ, ನೋವು ಅಥವಾ ತಲೆ ತಿರುಗು ಕಾಣಿಸಿದರೆ ತೋರಿಸಬೇಕು.

ನೆಗಡಿ ಇದ್ದವರಿಗೆ ಘಾಟಿಯೇ ಬೇಕಿಲ್ಲ. ಮನೆಯಲ್ಲಿ ಕೂತಲ್ಲೇ ಕಿವಿ ಕಟ್ಟುತ್ತದೆ. ಜೋರು ಮಳೆಯ ಕಕ್ಕಡ ತಿಂಗಳ ಶೀತ, ಮನೆಯೊಳಗಿನ ಬೂಷ್ಟು, ಕಣದಲ್ಲಿ ಕಾಫಿ, ಮೆಣಸು ಒಣಗಿಸುವಾಗಿನ ದೂಳು ಹೀಗೆ ಮೂಗನ್ನು ಕೆರಳಿಸುವುದಕ್ಕೆ ನಮ್ಮಲ್ಲಿ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಮದ್ದು ಮಾಡಬೇಕಾದದ್ದು ಮೂಗಿಗೆ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿ ಮೂಗು ತೊಳೆಯಬಹುದು. ಹಬೆ ಹಿತ ಕೊಡುತ್ತದೆ, ಆದರೆ ಕುದಿಯುವ ಪಾತ್ರೆಯ ಮುಂದೆ ಕಂಬಳಿ ಹೊದ್ದು ಕುಳಿತ ಮಕ್ಕಳ ಮೇಲೆ ಅದು ಮಗುಚಿ ಮೈ ಬೆಂದದ್ದನ್ನು ನಾನು ಕಂಡಿದ್ದೇನೆ; ಮಕ್ಕಳಿಗೆ ಬೇಡ. ಕಟ್ಟಿದ ಮೂಗನ್ನು ಬಿಡಿಸುವ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಅವುಗಳಿಗೇ ಒಗ್ಗಿ, ಬಿಟ್ಟ ಕೂಡಲೇ ಮತ್ತೆ ಕಟ್ಟುತ್ತದೆ. ರಕ್ತದೊತ್ತಡ ಇದ್ದವರು ಕೇಳಿಯೇ ಬಳಸಬೇಕು. ನೆಗಡಿ ಹೋದ ಮೇಲೂ ಎರಡು ಮೂರು ವಾರ ಕಿವಿ ಭಾರವಾಗಿರುವುದುಂಟು. ಆದರೆ ದೊಡ್ಡವರಲ್ಲಿ ಒಂದೇ ಕಡೆಯ ಕಿವಿ ತಿಂಗಳಾದರೂ ಬಿಡದಿದ್ದರೆ ಮೂಗಿನ ಹಿಂಭಾಗದಲ್ಲಿ ಗಡ್ಡೆಯೇನಾದರೂ ನಾಳವನ್ನು ಒತ್ತುತ್ತಿದೆಯೇ ಎಂದು ನೋಡಿಸಲೇಬೇಕು. ಮಗು ಕರೆದರೆ ಓಗೊಡುವುದಿಲ್ಲ, ಟಿವಿ ಸದ್ದು ಏರಿಸುತ್ತಲೇ ಇದೆ ಎಂದರೆ ಅದನ್ನು ಹಟವೆಂದು ಬಯ್ಯುವ ಮೊದಲು ಕಿವಿ ತೋರಿಸಿ. ಮಧ್ಯಕಿವಿಯಲ್ಲಿ ದ್ರವ ನಿಂತಿರಬಹುದು.

ನೀರು ಮತ್ತು ಬೂಷ್ಟು

ಹೊಳೆಯಲ್ಲಿ ಈಜಿ ಬಂದ ಮೇಲೆ ಕಿವಿಯಲ್ಲಿ ನೀರು ನಿಂತಿದ್ದರೆ ತಲೆಯನ್ನು ಆ ಪಕ್ಕಕ್ಕೆ ವಾಲಿಸಿ, ಕಿವಿಯನ್ನು ಹಿಂದಕ್ಕೆ ಎಳೆದು ಅಲುಗಿಸಿದರೆ ಸಾಮಾನ್ಯವಾಗಿ ಹೊರಬರುತ್ತದೆ. ಬಾರದಿದ್ದರೆ ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರ ಹಿಡಿದು ಒಣಗಿಸಬಹುದು.

ತಿಂಗಳುಗಟ್ಟಲೆ ಬಟ್ಟೆ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಕಿವಿಗೂ ಬೂಷ್ಟು ಹಿಡಿಯುತ್ತದೆ. ತಡೆಯಲಾಗದ ತುರಿಕೆ, ಆಮೇಲೆ ಕಟ್ಟುವಿಕೆ, ಕೆಲವೊಮ್ಮೆ ಒದ್ದೆ ಕಾಗದದಂಥ ಬಿಳಿ ಅಥವಾ ಕಪ್ಪು ಚುಕ್ಕೆಯ ಪದರ ಅದರ ಗುರುತು. ಎಣ್ಣೆಯ ಪಸೆ ಇದನ್ನು ಹೆಚ್ಚಿಸುತ್ತದೆ. ಹಿಂದೆ ಯಾರಿಗೋ ಕೊಟ್ಟಿದ್ದ ಆಂಟಿಬಯೋಟಿಕ್ ಹನಿಯನ್ನು ಮತ್ತೆ ಮತ್ತೆ ಹಾಕಿದರೂ ಹೆಚ್ಚುತ್ತದೆ. ಬೂಷ್ಟನ್ನು ಹೀರಿ ತೆಗೆಸಿ, ಶಿಲೀಂಧ್ರನಾಶಕ ಹನಿಯನ್ನು ಹೇಳಿದಷ್ಟು ದಿನ ಪೂರ್ತಿ ಹಾಕಿದರೆ ಮಾತ್ರ ಹೋಗುತ್ತದೆ. ಅಲ್ಲಿಯವರೆಗೆ ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟುಕೊಳ್ಳಬೇಕು. ಕಿವಿಯನ್ನು ಹಿಡಿದು ಎಳೆದರೆ ಅಥವಾ ಮುಂದಿನ ಉಬ್ಬನ್ನು ಒತ್ತಿದರೆ ಪ್ರಾಣ ಹೋಗುವಂಥ ನೋವಾದರೆ ಅದು ಹೊರನಾಳದ ಸೋಂಕು; ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಮೂಳೆಗೆ ಇಳಿಯಬಹುದಾದ್ದರಿಂದ ಒಂದು ದಿನವನ್ನೂ ಕಳೆಯಬಾರದು. ಈಜುಗಾರರು ಹುಳಿ ದ್ರಾವಣ ಹಾಕಿಕೊಳ್ಳುತ್ತಾರೆಂದು ಕೇಳಿ ಅಡುಗೆಗೆ ಬಳಸುವ ಕಪ್ಪು ಹುಳಿರಸವಾದ ಕಾಚಂಪುಳಿಯನ್ನು ನೀರಿಗೆ ಬೆರೆಸಿ ಕಿವಿಗೆ ಬಿಟ್ಟವರೊಬ್ಬರನ್ನು ನಾನು ನೋಡಿದ್ದೇನೆ. ನಾಳವೆಲ್ಲ ಕೆಂಪಾಗಿ ಊದಿತ್ತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಸೊಪ್ಪಿನ ರಸ, ಎದೆಹಾಲು, ಬೀಡಿಯ ಹೊಗೆ ಇವೆಲ್ಲ ಪ್ರೀತಿಯಿಂದಲೇ ಮಾಡುವ ಉಪಚಾರಗಳೆಂದು ಬಲ್ಲೆ, ಆದರೂ ಕಿವಿಗೆ ಒಂದೂ ಬೇಡ.

ಹುಳು ಹೊಕ್ಕು ಒಳಗೆ ಪರಪರ ಎನ್ನುತ್ತಿದ್ದರೆ ಮಾತ್ರ ಎಣ್ಣೆ ತಕ್ಷಣದ ಮದ್ದು: ಮಗ್ಗುಲಾಗಿ ಮಲಗಿಸಿ, ನಾಳ ತುಂಬುವಷ್ಟು ಉಗುರುಬೆಚ್ಚಗಿನ ತೆಂಗಿನೆಣ್ಣೆ ಬಿಟ್ಟರೆ ಹುಳು ಸಾಯುತ್ತದೆ, ಆಮೇಲೆ ತೆಗೆಸಬೇಕು. ತೋಟದಲ್ಲಿ ಹತ್ತಿದ ಉಣ್ಣಿ ಕಿವಿಯೊಳಗೆ ಕಚ್ಚಿಕೊಂಡಿದ್ದರೆ ಕೀಳಲು ಹೋಗಬೇಡಿ. ಮಗು ಕಡಲೆಯನ್ನೋ ಹುರುಳಿಯನ್ನೋ ಹಾಕಿಕೊಂಡಿದ್ದರೆ ನೀರು ಬಿಡಬಾರದು, ಕಾಳು ಉಬ್ಬುತ್ತದೆ. ಗುಂಡಿಯಂಥ ಪುಟ್ಟ ಬ್ಯಾಟರಿಯಾದರೆ ಯಾವ ಹನಿಯನ್ನೂ ಹಾಕದೆ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಕೆಲವೇ ಗಂಟೆಗಳಲ್ಲಿ ಅದು ಚರ್ಮವನ್ನು ಸುಡುತ್ತದೆ.

ಗುಂಡಿನ ಸದ್ದಿನ ನಂತರ

ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಿಂದ ಸುಗ್ಗಿಹಬ್ಬವಾದ ಹುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿನವರೆಗೆ ಕೋವಿಯ ಸದ್ದು ಈ ನೆಲದ ಆಚರಣೆಯ ಭಾಗ. ಆ ಸದ್ದು 140 ಡೆಸಿಬೆಲ್ ದಾಟುತ್ತದೆ ಎಂಬುದನ್ನೂ ನಾವು ತಿಳಿದಿರಬೇಕು. ಗುಂಡು ಹೊಡೆದ ನಂತರ ಕಿವಿ ಕಟ್ಟಿ ಗುಂಯ್ ಎಂದರೆ ಒಳಕಿವಿಯ ಸೂಕ್ಷ್ಮ ಕೂದಲುಕೋಶಗಳಿಗೆ ಪೆಟ್ಟಾಗಿದೆ ಎಂದೇ ಅರ್ಥ. ಸತ್ತ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಬಲಗೈಯವರು ಕೋವಿಯನ್ನು ಬಲಭುಜಕ್ಕೆ ಆನಿಸಿದಾಗ ತಲೆ ತುಸು ತಿರುಗಿ ಎಡಗಿವಿ ನಳಿಗೆಯ ತುದಿಗೆ ಎದುರಾಗುವುದರಿಂದ ಹೆಚ್ಚು ಪೆಟ್ಟು ಬೀಳುವುದು ಎಡಗಿವಿಗೆ. ಇದಕ್ಕೆ ಮನೆಮದ್ದಿಲ್ಲ. ಉಳಿದ ದಿನವೆಲ್ಲ ಸದ್ದಿನಿಂದ ದೂರವಿದ್ದು ಕಿವಿಗೆ ವಿಶ್ರಾಂತಿ ಕೊಡಬೇಕು, ಮರುದಿನಕ್ಕೂ ಮಂಕು ಉಳಿದಿದ್ದರೆ ತೋರಿಸಬೇಕು. ಮುಂದಿನ ಸಲ ಹೊಡೆಯುವವರೂ, ಪಕ್ಕ ನಿಂತ ಮಕ್ಕಳೂ ಕಿವಿಗೆ ಪ್ಲಗ್ ಹಾಕಿಕೊಳ್ಳಲಿ. ಮಡಿಕೇರಿ ದಸರೆಯಲ್ಲಿ ದಶಮಂಟಪಗಳ ಮೆರವಣಿಗೆಯ ರಾತ್ರಿ ಧ್ವನಿವರ್ಧಕಗಳ ಎದುರೇ ನಿಲ್ಲುವವರಿಗೂ, ತೋಟದಲ್ಲಿ ದಿನವಿಡೀ ಕಳೆ ಕತ್ತರಿಸುವ ಯಂತ್ರ ಹಿಡಿಯುವವರಿಗೂ ಇದೇ ವಿನಂತಿ.

ತೋರಿಸಲು ಹೋಗುವಾಗ

ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಇದೆ. ಕೇಳುವಿಕೆಯ ವಿವರವಾದ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ನಮ್ಮ ಕಡೆಯವರು ಹೋಗುತ್ತಾರೆ. ಎಲ್ಲಿಗೇ ಹೋದರೂ ಕಿವಿ ಕಟ್ಟಿದ ದಿನ ಮತ್ತು ಗಂಟೆ, ಆಗ ಮಾಡುತ್ತಿದ್ದ ಕೆಲಸ, ಗುನುಗಿದಾಗ ದನಿ ವಾಲಿದ ಪಕ್ಕ, ಈವರೆಗೆ ಕಿವಿಗೆ ಹಾಕಿದ್ದೆಲ್ಲ, ನುಂಗುತ್ತಿರುವ ಮಾತ್ರೆಗಳು ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೊರಡುವ ಬೆಳಿಗ್ಗೆ ಎಣ್ಣೆ ಬಿಡಬೇಡಿ, ತಮಟೆ ಸರಿಯಾಗಿ ಕಾಣುವುದಿಲ್ಲ. “ಇದ್ದಕ್ಕಿದ್ದಂತೆ ಕೇಳುವುದು ನಿಂತಿತು” ಎಂದಿದ್ದರೆ ಚೀಟಿ ಮಾಡಿಸುವ ಕಿಟಕಿಯಲ್ಲೇ ಆ ಮಾತನ್ನು ಹಾಗೆಯೇ ಹೇಳಿ. ಬರಿಯ “ಕಿವಿ ಕಟ್ಟಿದೆ” ಎಂದರೆ ಸರದಿಯ ಕೊನೆಗೆ ಹೋಗುವ ಸಂಭವವಿದೆ. ಒಳಗೆ ಗುಗ್ಗೆ ಕಂಡು ಅದನ್ನು ತೆಗೆದರೆ, ಅಲ್ಲಿಯೇ ಬೆರಳು ಉಜ್ಜಿ ಎರಡೂ ಕಿವಿ ಹೋಲಿಸಿ ನೋಡಿ. ಗುಗ್ಗೆ ಹೋದ ಮೇಲೂ ಒಂದು ಕಡೆ ಮಂದವಾಗಿಯೇ ಇದ್ದರೆ, ಎದ್ದು ಬರುವ ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಚೆನ್ನಾಗಿ ಬಿಟ್ಟುಕೊಂಡಿದ್ದರೆ ಒಂದೆರಡು ದಿನ ಪಾತ್ರೆಯ ಸದ್ದು, ಹೆಂಚಿನ ಮೇಲಿನ ಮಳೆಯ ಸದ್ದು ಎಂದಿಗಿಂತ ಜೋರಾಗಿ ಕೇಳಿಸುತ್ತದೆ. ಅದು ತಾನಾಗಿಯೇ ಹದಕ್ಕೆ ಬರುತ್ತದೆ.